ಎಷ್ಟು ಉತ್ತರ ಕೊಟ್ಟರೂ ಮತ್ತೆ ಆಧಾರ ಕೇಳುವವರಿಗೆ ಏನು ಹೇಳುವುದು?

ಸಾಗರದ ತೋಟದಾಕೆ:
ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಮಂಗನ ಕಾಯಿಲೆ ಬಗ್ಗೆ ನಾಲ್ಕು ಮಾತು ಹಾಕಿದ್ದೆ. ಅದು ಕಾಡಿನ ಉಣುಗು ಕಚ್ಚಿ ಬರುವ ಜ್ವರ, ಕಾಡಿಗೆ ದರಕು (ಒಣಗಿದ ಎಲೆ) ತರಲು ಹೋಗುವವರು ಮೈತುಂಬ ಬಟ್ಟೆ ಹಾಕಿಕೊಳ್ಳಿ, ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಅಂತ. ಅಷ್ಟೇ.

ಒಬ್ಬರು ಬಂದರು. "ಉಣುಗಿನಿಂದಲೇ ಬರುತ್ತದೆ ಅನ್ನಲು ಆಧಾರ ಏನು? ಸುಮ್ನೆ ತಿಳಿಯೋಣ ಅಂತ." 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತದ್ದು, ವೈರಸ್ ಪತ್ತೆಯಾದದ್ದು, ಉಣುಗಿನಲ್ಲೂ ಅದೇ ಸಿಕ್ಕಿದ್ದು, ಎಲ್ಲ ಬರೆದೆ. "ನೀವು ಕಣ್ಣಾರೆ ನೋಡಿದ್ದೀರಾ?" ಆರೋಗ್ಯ ಇಲಾಖೆಯ ಕರಪತ್ರ ಹಾಕಿದೆ. "ಇಲಾಖೆಯನ್ನು ಯಾಕೆ ನಂಬಬೇಕು?" ಮಾತು ಮಾತ್ರ ಬೆಣ್ಣೆ. ನಾನು ಸುಮ್ಮನಾದರೆ "ಪ್ರಶ್ನೆ ಕೇಳಿದ್ದೇ ತಪ್ಪಾಯ್ತಾ ಅಕ್ಕ?" ಅಂದರು. ಗುಂಪಿನವರ ಕಣ್ಣಿಗೆ ಈಗ ನಾನೇ ಜಗಳಗಂಟಿ. ಇವರು ನಿಜವಾಗಿ ತಿಳಿಯಲು ಕೇಳುತ್ತಿದ್ದಾರಾ?

ತೀರ್ಥಹಳ್ಳಿ ಮೇಷ್ಟ್ರು:
ಎಷ್ಟು ಪ್ರಶ್ನೆ ಕೇಳಿದರು ಅಂತ ಎಣಿಸಬೇಡಿ ತಂಗಿ. ನಿಮ್ಮ ಉತ್ತರವನ್ನು ಏನು ಮಾಡಿದರು ನೋಡಿ. ತಿಳಿಯಬೇಕು ಅನ್ನುವವರ ಮುಂದಿನ ಪ್ರಶ್ನೆ ನಿಮ್ಮ ಉತ್ತರದಿಂದಲೇ ಹುಟ್ಟುತ್ತದೆ. ಕೊಟ್ಟಿಗೆಗೆ ತಂದ ದರಕಿನಲ್ಲಿ ಉಣುಗು ಬರುತ್ತಾ? ಮನೆಯಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಅಂಟುತ್ತಾ? ಹೀಗೆ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಅಂದರೆ ಅವರಿಗೆ ಸಮಾಧಾನ ಆಗುತ್ತದೆ. ನಿಮ್ಮ ಆಸಾಮಿ ಕ್ಯಾಸನೂರಿನ ಮಾತಿಗೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಎತ್ತಿದರು. ನಿಮಗೆ ಸುಸ್ತಾಗಬೇಕು, ಸಿಟ್ಟು ಬರಬೇಕು. ಆಗ ಅವರು ಪಾಪದವರಾಗುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಸೀಲಯನಿಂಗ್ ಅನ್ನುತ್ತಾರೆ. ಸೀಲಯನ್ ಅಂದರೆ ಕಡಲ ಸಿಂಹ; ಅದು ಹೀಗೇ ಬೆನ್ನುಬಿಡದೆ ಪ್ರಶ್ನೆ ಕೇಳುವ 2014ರ ಒಂದು ವ್ಯಂಗ್ಯಚಿತ್ರದಿಂದ ಬಂದ ಹೆಸರು.

ಒಮ್ಮೆ ನೇರವಾಗಿ ಕೇಳಿ: "ಏನು ತೋರಿಸಿದರೆ ಒಪ್ಪುತ್ತೀರಿ?"

ಹೊಸನಗರದ ಆಶಾ ಕಾರ್ಯಕರ್ತೆ:
ಸರ್ ಹೇಳಿದ್ದು ಸರಿ. ಆದರೆ ಮತ್ತೆ ಮತ್ತೆ ಕೇಳುವವರನ್ನೆಲ್ಲ ಆ ಸಾಲಿಗೆ ಸೇರಿಸಬೇಡಿ, ಕೈ ಮುಗಿಯುತ್ತೇನೆ. ನಮ್ಮ ಕಡೆ ಹಿಂದೆ ಲಸಿಕೆ ಹಾಕಿಸಿಕೊಂಡವರಿಗೂ ಈ ಕಾಯಿಲೆ ಬಂದದ್ದಿದೆ. ಆಮೇಲೆ ಆ ಲಸಿಕೆಯೇ ನಿಂತಿತು. ಅದನ್ನು ಕಂಡವರು ಅನುಮಾನ ಪಡದೆ ಇರುತ್ತಾರಾ? ನಾನು ಹೋಗುವ ಒಂದು ಮನೆಯ ಅಜ್ಜಿ ಪ್ರತಿ ಸಲ ಅದೇ ಪ್ರಶ್ನೆ ಕೇಳುತ್ತಾರೆ, ಬೈದೂ ಬೈಯುತ್ತಾರೆ. ಆದರೆ ಬಾಟಲಿ ಖಾಲಿಯಾದರೆ ಎಣ್ಣೆ ತಾ ಅಂತ ಮೊದಲು ಫೋನ್ ಮಾಡುವುದೂ ಅವರೇ. ಅವರಿಗೆ ಇರುವುದು ಹೆದರಿಕೆ. ಅಂಥವರಿಗೆ ಎಷ್ಟು ಸಲ ಬೇಕಾದರೂ ಹೇಳಬೇಕು ಅಕ್ಕ.

ಸಾಗರದ ತೋಟದಾಕೆ:
ಮೇಷ್ಟ್ರು ಹೇಳಿದ ಹಾಗೆ ಕೇಳಿದೆ. "ಅದನ್ನು ನೀವೇ ಹೇಳಬೇಕು" ಅಂದರು! ಅವರಿಗೆ ಇನ್ನು ಉತ್ತರ ಬರೆಯುವುದಿಲ್ಲ. ಗುಂಪಿನ ಉಳಿದವರಿಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದು ಹಾಕಿದೆ. ಮೇ ತನಕ ಹುಷಾರಾಗಿರಿ, ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ ಅಂತಲೂ ಸೇರಿಸಿದೆ. ಇಷ್ಟು ದಿನ ಸುಮ್ಮನಿದ್ದ ಒಬ್ಬರು ಎಣ್ಣೆ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಅಂದಿದ್ದೇನೆ.