ಆರು ಜನರ ಕಾಂಗೋ ಕುಟುಂಬ ಬರೋಕೆ ಹತ್ತು ದಿನ ಇದೆ. ಮೊದಲ ತಿಂಗಳಲ್ಲಿ ಕೇಸ್‌ವರ್ಕರ್ ಎಡವೋದು ಎಲ್ಲಿ?

ತುಂಗೆದಂಡೆ · 9 ಸೆಪ್ಟೆಂಬರ್ 2024

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ನಿರಾಶ್ರಿತರ ಪುನರ್ವಸತಿ ಸಂಸ್ಥೆಗಳಲ್ಲಿ ಕೆಲಸ ಮಾಡೋ ಕನ್ನಡದವರು ಈ ಗುಂಪಿನಲ್ಲಿ ಇದ್ದೀರಿ ಅಂತ ಧೈರ್ಯ ಮಾಡಿ ಕೇಳ್ತಿದ್ದೀನಿ. ಕೇಸ್‌ವರ್ಕರ್, ಅಂದರೆ ಹೊಸದಾಗಿ ಬಂದ ಕುಟುಂಬಗಳ ವ್ಯವಸ್ಥೆ ನೋಡಿಕೊಳ್ಳೋ ಕೆಲಸಕ್ಕೆ ನಾನು ಹೊಸಬಳು. ನಿರಾಶ್ರಿತರ ಪ್ರಯಾಣ ನೋಡಿಕೊಳ್ಳೋ ಅಂತರರಾಷ್ಟ್ರೀಯ ಸಂಸ್ಥೆ ಐಒಎಂನಿಂದ ವಿಮಾನದ ಸೂಚನೆ ಬಂದಿದೆ: ಪೂರ್ವ ಆಫ್ರಿಕಾದ ಕ್ಯಾಂಪಿನಿಂದ ಬರ್ತಿರೋ ಕಾಂಗೋ ಕುಟುಂಬ, ಅಪ್ಪ ಅಮ್ಮ, ನಾಲ್ಕು ಮಕ್ಕಳು. ದೊಡ್ಡದು ಹೈಸ್ಕೂಲ್ ವಯಸ್ಸಿನದು, ಒಂದಕ್ಕೆ ಏಳು ವರ್ಷ, ಚಿಕ್ಕದಕ್ಕೆ ಮೂರು ವರ್ಷ. ಇಳಿಯೋದು ರಾತ್ರಿ ಹತ್ತರ ಮೇಲೆ. ಈ ಊರಲ್ಲಿ ಅವರಿಗೆ ಗುರುತಿನವರು ಯಾರೂ ಇಲ್ಲ.

ಗಡುವುಗಳ ಪಟ್ಟಿ ಕೈಲಿದೆ. 24 ಗಂಟೆಯೊಳಗೆ ಮೊದಲ ಮನೆ ಭೇಟಿ, 5 ಕೆಲಸದ ದಿನದೊಳಗೆ ಇಂಟೇಕ್ (ಮೊದಲ ವಿವರವಾದ ಸಂದರ್ಶನ), 7 ಕೆಲಸದ ದಿನದೊಳಗೆ ಸವಲತ್ತುಗಳಿಗೆ ಅರ್ಜಿ, 30 ದಿನದೊಳಗೆ ಶಾಲೆ, ಆರೋಗ್ಯ ತಪಾಸಣೆ, ಎರಡನೇ ಮನೆ ಭೇಟಿ, 90 ದಿನಕ್ಕೆ ವರದಿ. ಓದಿದರೆ ಎಲ್ಲ ಸರಳ ಅನಿಸುತ್ತೆ. ನನಗೆ ಬೇಕಿರೋದು ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದು. ಎಲ್ಲಿ ಕೆಡುತ್ತೆ, ಯಾಕೆ ಕೆಡುತ್ತೆ, ಅವರು ಬರೋ ಮುಂಚೆಯೇ ಏನು ಮಾಡಿಟ್ಟರೆ ತಪ್ಪಿಸಬಹುದು?

ಕರಿಮೆಣಸು · 9 ಸೆಪ್ಟೆಂಬರ್ 2024

ಕ್ಯಾಂಪಿನ ಹೆಸರು, ನಿಮ್ಮ ಊರ ಹೆಸರು ಬರೆಯದೇ ಇದ್ದದ್ದು ಒಳ್ಳೆಯದಾಯ್ತು. ಕುಟುಂಬದ ಸಂಖ್ಯೆ, ವಯಸ್ಸು, ಊರು ಮೂರೂ ಒಂದೇ ಕಡೆ ಸಿಕ್ಕರೆ ಸಾಕು, ಯಾರ ಕುಟುಂಬ ಅಂತ ಗೊತ್ತಾಗಿಬಿಡುತ್ತೆ.

ಮೊದಲು ಮನೆ. ಬಾಡಿಗೆ ಕರಾರಿಗೆ ಸಹಿ ಬೀಳೋ ಮುಂಚೆ ನೀವೇ ಒಳಗೆ ಹೋಗಿ ನೋಡಿ, ಫೋಟೋ ನಂಬಬೇಡಿ. ಹೊಗೆ ಅಲಾರಂನ ಗುಂಡಿ ಒತ್ತಿ ಶಬ್ದ ಕೇಳಿ. ಪ್ರತಿ ಮಲಗೋ ಕೋಣೆಯ ಕಿಟಕಿ ತೆರೆದು ಮುಚ್ಚಿ ನೋಡಿ. ಒಲೆಯ ನಾಲ್ಕೂ ಬರ್ನರ್ ಹಚ್ಚಿ. ಬಿಸಿನೀರಿನ ನಲ್ಲಿ ಎರಡು ನಿಮಿಷ ಬಿಟ್ಟು ನೋಡಿ. 1978ಕ್ಕಿಂತ ಮುಂಚೆ ಕಟ್ಟಿದ ಮನೆಯಾದರೆ ಕಿಟಕಿಯ ಚೌಕಟ್ಟನ್ನು ಉಗುರಿನಲ್ಲಿ ಕೆರೆದು ನೋಡಿ. ಬಣ್ಣ ಹೊಪ್ಪಳೆ ಏಳ್ತಿದ್ದರೆ ಅದರಲ್ಲಿ ಸೀಸ ಇರಬಹುದು, ಮೂರು ವರ್ಷದ ಮಗು ಕಿಟಕಿ ಹತ್ತಿರವೇ ಆಡುತ್ತೆ. ಅಂಥ ಮನೆ ಬೇಡ, ಬಾಡಿಗೆ ನೂರು ಡಾಲರ್ ಕಡಿಮೆಯಾದರೂ ಬೇಡ.

ಸಾಮಾನಿನಲ್ಲಿ ಮಂಚ ಹಾಸಿಗೆಯ ಲೆಕ್ಕ ತಪ್ಪೋದು ಜಾಸ್ತಿ. ಗಂಡ ಹೆಂಡತಿ ಒಂದು ಮಂಚ ಹಂಚಿಕೊಳ್ಳಬಹುದು, ಒಂದೇ ಲಿಂಗದ ಚಿಕ್ಕ ಮಕ್ಕಳು ಹಂಚಿಕೊಳ್ಳಬಹುದು, ಉಳಿದವರಿಗೆ ತಲಾ ಒಂದು. ಹೈಸ್ಕೂಲ್ ವಯಸ್ಸಿನ ಮಗುವನ್ನು ಏಳು ವರ್ಷದ ಮಗುವಿನ ಜೊತೆ ಮಲಗಿಸಿ ಲೆಕ್ಕ ಸರಿಮಾಡಬೇಡಿ. ತಲಾ ಒಂದು ದಿಂಬು, ಟವೆಲ್, ತಟ್ಟೆ, ಬಟ್ಟಲು, ಲೋಟ, ಕುರ್ಚಿ. ಬಳಸಿದ ಸೋಫಾ ದಾನವಾಗಿ ಬಂದರೆ ಹೊಲಿಗೆಯ ಸಂದಿಯಲ್ಲಿ ಟಾರ್ಚ್ ಹಾಕಿ ತಿಗಣೆ ನೋಡಿ. ಹಾಸಿಗೆ ಮಾತ್ರ ಹೊಸದೇ ತನ್ನಿ. ಒಮ್ಮೆ ತಿಗಣೆ ಹತ್ತಿತೋ, ಅದನ್ನು ಓಡಿಸೋ ಖರ್ಚು ಆರು ಹಾಸಿಗೆಯ ಬೆಲೆಗಿಂತ ಜಾಸ್ತಿ.

ಬಂದಿಳಿದ ರಾತ್ರಿಗೆ ಅವರ ರುಚಿಯ ಊಟ ಸಿದ್ಧವಾಗಿ ಇರಲೇಬೇಕು, ನಿಯಮವೂ ಅದೇ. ಪಿಜ್ಜಾ ತಂದಿಡಬೇಡಿ. ಊರಲ್ಲಿ ಕಾಂಗೋದವರ ಮನೆ ಇದ್ದರೆ ದುಡ್ಡು ಕೊಟ್ಟು ಮಾಡಿಸಿ: ಫುಫು, ಬೀನ್ಸ್ ಸಾರು, ಕೋಳಿ, ಸೊಂಬೆ ಅನ್ನೋ ಮರಗೆಣಸಿನ ಸೊಪ್ಪಿನ ಪಲ್ಯ. ಫುಫು ನಮ್ಮ ಮುದ್ದೆಯ ಹಾಗೇ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನೋದು. ಅದಕ್ಕೇ ಸಿಂಕಿನ ಪಕ್ಕ ಸೋಪು, ಒರೆಸೋ ಬಟ್ಟೆ ಮೊದಲೇ ಇಟ್ಟಿರಿ. ಎರಡು ದಿನ ಪ್ರಯಾಣ ಮಾಡಿ ಬಂದವರು ಸೋಪು ಎಲ್ಲಿ ಅಂತ ಕೇಳೋಕೂ ಸಂಕೋಚಪಡ್ತಾರೆ.

ಕಾರ್ ಸೀಟ್ ಎರಡು ಬೇಕು, ಮೂರು ವರ್ಷದ್ದಕ್ಕೆ ಬೆಲ್ಟಿನದು, ಏಳು ವರ್ಷದ್ದಕ್ಕೆ ಬೂಸ್ಟರ್. ವಯಸ್ಸಿನ ಮಿತಿ ರಾಜ್ಯಕ್ಕೊಂದು ಥರ ಇದೆ, ನಿಮ್ಮದು ನೋಡಿಕೊಳ್ಳಿ. ಹಳೆಯದಾದರೆ ತಳದಲ್ಲಿ ಅಚ್ಚಾಗಿರೋ ಅವಧಿ ಓದಿ. ಅಪಘಾತ ಕಂಡ ಕಾರಿನ ಸೀಟು ಮುಟ್ಟಬೇಡಿ.

ಬೆಳವಲದ ಗಾಳಿ · 10 ಸೆಪ್ಟೆಂಬರ್ 2024

ಕರಿಮೆಣಸು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಆದರೆ ಮೊದಲ ತಿಂಗಳು ಹೆಚ್ಚಾಗಿ ಕೆಡುವುದು ಮನೆಯೊಳಗಲ್ಲ, ಮನೆಯ ಹೊರಗಿನ ಮೇಲ್‌ಬಾಕ್ಸ್‌ನಲ್ಲಿ.

ಕಾಂಗೋದ ಕುಟುಂಬಗಳಲ್ಲಿ ಅಪ್ಪನಿಗೊಂದು, ಅಮ್ಮನಿಗೊಂದು, ಮಕ್ಕಳಿಗೆ ತಲಾ ಒಂದು ಕೊನೆಯ ಹೆಸರು ಇರುವುದು ಸಾಮಾನ್ಯ. ಆರು ಜನ, ಆರು ಸರ್‌ನೇಮ್. ಅಪಾರ್ಟ್‌ಮೆಂಟಿನ ಪೆಟ್ಟಿಗೆಯ ಮೇಲೆ ಅಪ್ಪನ ಹೆಸರು ಮಾತ್ರ ಅಂಟಿಸಿದ್ದರೆ, ಉಳಿದ ಐವರ ಲಕೋಟೆಗಳನ್ನು ಅಂಚೆಯವರು ವಾಪಸ್ ಕಳಿಸಬಹುದು. ಆ ಲಕೋಟೆಗಳಲ್ಲಿ ಏನಿರುತ್ತದೆ ನೋಡಿ. 2023ರ ಡಿಸೆಂಬರ್ 10ರಿಂದ ಈಚೆಗೆ ಬಂದ ನಿರಾಶ್ರಿತರಿಗೆ ಕೆಲಸದ ಪರವಾನಗಿ ಕಾರ್ಡಿನ ಅರ್ಜಿಯನ್ನು ವಲಸೆ ಇಲಾಖೆಯೇ ತೆರೆಯುತ್ತದೆ, ಕಾರ್ಡು ಅಂಚೆಯಲ್ಲಿ ಬರುತ್ತದೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡು ಅಂಚೆಯಲ್ಲಿ. ಫುಡ್ ಸ್ಟಾಂಪಿನ (ದಿನಸಿಗೆ ಸರ್ಕಾರ ಕೊಡುವ ಸಹಾಯ) ಕಾರ್ಡು, ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಕಾರ್ಡು, ಅವುಗಳ ನವೀಕರಣದ ನೋಟಿಸು, ಎಲ್ಲವೂ ಅಂಚೆಯಲ್ಲೇ. ಕೆಲಸದ ಕಾರ್ಡು ವಾಪಸ್ ಹೋದರೆ ಅದನ್ನು ಹಿಡಿದು ತರಿಸಲು ವಾರಗಟ್ಟಲೆ ಬೇಕು. ಹಾಗಾಗಿ ಅವರು ಬರುವ ಹಿಂದಿನ ದಿನವೇ ಆರೂ ಹೆಸರುಗಳನ್ನು ಬಯೋಡೇಟಾದಲ್ಲಿ, ಅಂದರೆ ಬರುವ ಮುಂಚೆಯೇ ನಿಮ್ಮ ಕೈಗೆ ಸಿಗುವ ಅವರ ವಿವರದ ಹಾಳೆಯಲ್ಲಿ, ಇರುವ ಕಾಗುಣಿತದಲ್ಲೇ ಟೈಪ್ ಮಾಡಿ, ಪೆಟ್ಟಿಗೆಯ ಒಳಗೂ ಹೊರಗೂ ಅಂಟಿಸಿ, ಮೇಲೆ ಅಗಲ ಟೇಪ್ ಹಾಕಿ. ಆ ದಾರಿಯ ಅಂಚೆಯವರನ್ನು ಕಂಡು ಒಂದು ಮಾತು ಹೇಳಿ. ಮೇಲ್‌ಬಾಕ್ಸ್ ಕೀಲಿಯನ್ನು ಮನೆಯ ಯಜಮಾನರಿಂದ ಮೊದಲೇ ಇಸಿದುಕೊಳ್ಳಿ, ಕುಟುಂಬ ಬಂದ ಮೇಲೆ ಕೊಡುತ್ತೇನೆ ಅಂದರೆ ಒಪ್ಪಬೇಡಿ.

ಶಾಶ್ವತ ಮನೆ ಸಿಗದೆ ಮೊದಲೆರಡು ವಾರ ಹೋಟೆಲಿನಲ್ಲಿ ಇಳಿಸಿದರೆ ಇದೇ ಸಮಸ್ಯೆ ಇಮ್ಮಡಿಯಾಗುತ್ತದೆ. ಮನೆ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ವಿಳಾಸ ಬದಲಾವಣೆಯನ್ನು ಆರೂ ಜನರ ಹೆಸರಲ್ಲಿ ಬೇರೆಬೇರೆಯಾಗಿ ಸಲ್ಲಿಸಿ. ಅಂಚೆ ಕಚೇರಿಯಲ್ಲಿ ಹೇಳಿದರೆ ಸಾಕು ಅಂದುಕೊಳ್ಳುವವರಿದ್ದಾರೆ, ಸಾಲದು.

ಇನ್ನು ಹೆಸರುಗಳ ಮಾತು. ವಿಮಾನ ನಿಲ್ದಾಣದಲ್ಲಿ ಅವರ ಕೈಯಲ್ಲಿ ಐಒಎಂ ಅಂತ ಬರೆದಿರುವ ಪ್ಲಾಸ್ಟಿಕ್ ಚೀಲ ಇರುತ್ತದೆ, ಅದೇ ಅವರ ಪೂರ್ತಿ ದಾಖಲೆ. ಮನೆ ಮುಟ್ಟಿದ ತಕ್ಷಣ ಪ್ರತಿಯೊಬ್ಬರ ಐ-94 (ದೇಶದೊಳಗೆ ಬಂದ ದಾಖಲೆ) ತೆಗೆದು, ಬಯೋಡೇಟಾ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಎರಡು ಹೆಸರು ಒಂದಾಗಿ ಸೇರಿರುವುದು, ಹುಟ್ಟಿದ ತಾರೀಕಿನಲ್ಲಿ ದಿನ ತಿಂಗಳು ಅದಲುಬದಲಾಗಿರುವುದು, ಒಂದೇ ಹೆಸರಿದ್ದವರಿಗೆ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದಿರುವುದು. ಇನಿಷಿಯಲ್ ಹೊತ್ತು ಬರುವ ನಮ್ಮ ಊರಿನವರಿಗೂ ಇಲ್ಲಿ ಇದೇ ಪಾಡು, ಆದ್ದರಿಂದ ಇದರ ಕಷ್ಟ ನಿಮಗೆ ವಿವರಿಸಬೇಕಿಲ್ಲ. ತಪ್ಪು ಕಂಡರೆ ಆ ವಾರವೇ ಕಸ್ಟಮ್ಸ್‌ನವರ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯಲ್ಲಿ ತಿದ್ದಿಸಿ. ಮುಂದಿನ ಪ್ರತಿ ಕಾರ್ಡೂ ಐ-94 ನೋಡಿಯೇ ತಯಾರಾಗುತ್ತದೆ, ತಪ್ಪು ಒಂದರಿಂದ ಐದಕ್ಕೆ ಹಬ್ಬುತ್ತದೆ. ಜನವರಿ 1 ಅಂತ ಹುಟ್ಟುಹಬ್ಬ ಇದ್ದರೆ ಮಾತ್ರ ಗಾಬರಿಯಾಗಬೇಡಿ. ತಾರೀಕು ಗೊತ್ತಿಲ್ಲದವರಿಗೆ ನೋಂದಣಿಯಲ್ಲಿ ಹಾಗೆ ಹಾಕುವುದು ರೂಢಿ, ಅದನ್ನು ನೀವಾಗಿ ತಿದ್ದಲು ಹೋಗಬೇಡಿ.

ಎಕ್ಸ್-ರೇ ಮತ್ತು ವೈದ್ಯಕೀಯ ಲಕೋಟೆ ಆರೋಗ್ಯ ಇಲಾಖೆಯ ಕ್ಲಿನಿಕ್ಕಿಗೆ ಹೋಗಬೇಕು. ಲಸಿಕೆಯ ಹಾಳೆ, ಅಂದರೆ ಡಿಎಸ್-3025, ಅದರ ಪ್ರತಿ ನಿಮ್ಮ ಫೈಲಿಗೂ ಶಾಲೆಗೂ ಬೇಕು. ಅದಿಲ್ಲದೆ ಹೋದರೆ ಶಾಲೆಯವರು ದಾಖಲಾತಿ ಮುಂದೂಡುತ್ತಾರೆ.

ಹಳೇಪೇಟೆ · 10 ಸೆಪ್ಟೆಂಬರ್ 2024

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ಅದನ್ನ ನಾನು ಹೇಳ್ತೀನಿ.

ವಿದೇಶಾಂಗ ಇಲಾಖೆ ತಲಾ ಇಷ್ಟು ಅಂತ ಕೊಡುತ್ತೆ, ಮೊತ್ತ ಆಗಾಗ ಬದಲಾಗುತ್ತೆ. 2022ರಲ್ಲಿ ತಲೆಗೆ 2,275 ಡಾಲರ್ ಇತ್ತು. ಅದರಲ್ಲಿ 1,225 ಜನರಿಗೆ, ಉಳಿದದ್ದು ಕಚೇರಿ ಖರ್ಚಿಗೆ. 1,225ರಲ್ಲೂ 1,025 ಆ ವ್ಯಕ್ತಿಗೇ ಖರ್ಚಾಗಬೇಕು, 200 ಹೆಚ್ಚು ಕಷ್ಟದಲ್ಲಿರೋ ಇನ್ನೊಬ್ಬರಿಗೆ ತಿರುಗಿಸಬಹುದು. ಇದೇ ದರದಲ್ಲಿ ಲೆಕ್ಕ ಹಾಕಿ: ಆರು ಜನಕ್ಕೆ ಕನಿಷ್ಠ 6,150. ಬಾಡಿಗೆ 1,200 ಅಂತ ಇಟ್ಟುಕೊಂಡರೆ, ಡಿಪಾಸಿಟ್ ಸೇರಿ ಮೊದಲ ದಿನಕ್ಕೇ 2,400 ಹೋಯ್ತು. ಎರಡನೇ, ಮೂರನೇ ತಿಂಗಳ ಬಾಡಿಗೆ ಇನ್ನೊಂದು 2,400. ಉಳಿಯೋದು 1,350. ಅದರಲ್ಲೇ ಹಾಸಿಗೆ, ಕರೆಂಟ್, ಬಸ್ ಪಾಸ್, ಕೈಖರ್ಚು. ದಾನದ ಸಾಮಾನು ಯಾಕೆ ಮುಖ್ಯ ಅಂತ ಇಲ್ಲೇ ಗೊತ್ತಾಗುತ್ತೆ. ಒಂಟಿಯಾಗಿ ಬಂದವರ ಗತಿ ಇನ್ನೂ ಕಷ್ಟ, 1,025ರಲ್ಲಿ ಬಾಡಿಗೆ ಡಿಪಾಸಿಟ್ ಎರಡೂ ಆಗೋದೇ ಇಲ್ಲ. ಆ 200 ಸಾಮಾನ್ಯವಾಗಿ ಅವರಿಗೇ ಹೋಗೋದು, ಹೋಗಲೇಬೇಕು ಅಂತ ನನ್ನ ಅಭಿಪ್ರಾಯ.

ಖರ್ಚಿನ ಹಾಳೆ ಮೊದಲ ವಾರವೇ ದುಭಾಷಿಯನ್ನು ಕೂರಿಸಿಕೊಂಡು ಅಪ್ಪ ಅಮ್ಮ ಇಬ್ಬರಿಗೂ ತೋರಿಸಿ, ಇಬ್ಬರ ಸಹಿಯನ್ನೂ ತಗೊಳ್ಳಿ. "ನಮ್ಮ ದುಡ್ಡು ಕಚೇರಿಯವರು ಇಟ್ಕೊಂಡ್ರು" ಅನ್ನೋ ಮಾತು ಹುಟ್ಟೋದು ಲೆಕ್ಕ ತೋರಿಸದೇ ಇದ್ದಾಗ. ಅವರ ಅನುಮಾನ ಸಹಜ, ವರ್ಷಗಟ್ಟಲೆ ಬೇರೆಯವರು ಅಳೆದು ಕೊಟ್ಟ ರೇಷನ್ ಮೇಲೆ ಬದುಕಿದವರು.

ನಗದು ಸಹಾಯದ ಅರ್ಜಿ ಹಾಕೋ ಮುಂಚೆ ಮ್ಯಾಚಿಂಗ್ ಗ್ರಾಂಟಿಗೆ (ಬೇಗ ಕೆಲಸಕ್ಕೆ ಸೇರೋರಿಗೆ ನಗದು ಸಹಾಯದ ಬದಲು ಇರೋ ಯೋಜನೆ) ಸೇರಿಸ್ತೀರೋ ಇಲ್ಲವೋ ತೀರ್ಮಾನ ಆಗಿರಲಿ. ಎರಡನ್ನೂ ಒಟ್ಟಿಗೆ ತಗೊಳ್ಳೋ ಹಾಗಿಲ್ಲ. ಅಪ್ಪ ಅಮ್ಮ ಇಬ್ಬರೂ ಬೇಗ ಕೆಲಸಕ್ಕೆ ಹೋಗೋ ಸ್ಥಿತಿಯಲ್ಲಿದ್ದರೆ ಗ್ರಾಂಟ್ ಒಳ್ಳೇದು, ಮಗು ನೋಡಿಕೊಳ್ಳೋರು ಇಲ್ಲದಿದ್ದರೆ ಯೋಚನೆ ಮಾಡಿ. ಫುಡ್ ಸ್ಟಾಂಪಿಗೆ ತುರ್ತು ಅರ್ಜಿ ಅಂತಲೇ ಹಾಕಿ, 7 ದಿನದೊಳಗೆ ಕೊಡಬೇಕು. ಅಲ್ಲಿವರೆಗೆ ದಿನಸಿ ನಿಮ್ಮ ಜವಾಬ್ದಾರಿ. ಮೂರು ವರ್ಷದ ಮಗುವಿಗೆ ವಿಕ್ (ತಾಯಂದಿರು, ಚಿಕ್ಕ ಮಕ್ಕಳ ಪೌಷ್ಟಿಕ ಆಹಾರದ ಯೋಜನೆ) ಮರೀಬೇಡಿ.

ವಿಮಾನದ ಟಿಕೆಟ್ ಸಾಲ. ಬಡ್ಡಿ ಇಲ್ಲ, ಆರು ತಿಂಗಳ ನಂತರ ಕಂತು ಶುರು. ಹೊರಡೋ ಗಡಿಬಿಡಿಯಲ್ಲಿ ಸಹಿ ಮಾಡಿರ್ತಾರೆ, ನೆನಪಿರಲ್ಲ. ಬಿಲ್ ಬಂದಾಗ ಆಘಾತ ಆಗದಿರಲಿ ಅಂದರೆ ಮೊದಲ ತಿಂಗಳೇ ಆ ಪತ್ರ ತೆಗೆದು ತೋರಿಸಿ. ಕಷ್ಟ ಇದ್ದರೆ ಕಂತು ಇಳಿಸಿ ಅಂತ ಕೇಳಬಹುದು, ಸುಮ್ಮನೆ ಕಟ್ಟದೇ ಬಿಟ್ಟರೆ ಕ್ರೆಡಿಟ್ ಹಾಳಾಗುತ್ತೆ.

ಕೆಲಸ ಕೊಡೋರು ಕಾರ್ಡ್ ಬರಲಿ ಅಂತ ಕೂರಿಸಿದರೆ ಒಪ್ಪಬೇಡಿ. ನಿರಾಶ್ರಿತರ ಐ-94 ಇದ್ದರೆ ಅದನ್ನೇ ರಸೀದಿಯಾಗಿ ಹಿಡಿದು 90 ದಿನ ಕೆಲಸ ಮಾಡಿಸಬಹುದು, ಕೆಲಸ ಕೊಡೋರು ಅರ್ಹತೆ ನೋಡಿ ತುಂಬೋ ಐ-9 ಫಾರಂನ ನಿಯಮದಲ್ಲೇ ಇದೆ. ಆ ಪುಟ ಅಚ್ಚು ಹಾಕಿಕೊಂಡು ಜೊತೆಗೆ ಹೋಗಿ.

ತುಂಗೆದಂಡೆ · 11 ಸೆಪ್ಟೆಂಬರ್ 2024

ತುಂಬಾ ಉಪಕಾರ ಆಯ್ತು. ಮೇಲ್‌ಬಾಕ್ಸ್ ನನ್ನ ತಲೆಗೇ ಹೊಳೆದಿರಲಿಲ್ಲ. ಇನ್ನೊಂದು ಪ್ರಶ್ನೆ: ಬಯೋಡೇಟಾದಲ್ಲಿ ಭಾಷೆ ಸ್ವಾಹಿಲಿ ಅಂತಿದೆ. ಊರಲ್ಲಿ ಸ್ವಾಹಿಲಿ ದುಭಾಷಿ ಒಬ್ಬರಿದ್ದಾರೆ. ಸಾಕಲ್ವಾ? ದೊಡ್ಡ ಮಗುವಿಗೆ ಸ್ವಲ್ಪ ಇಂಗ್ಲಿಷ್ ಬರುತ್ತೆ ಅಂತಲೂ ಇದೆ.

ಮಂಜುಮುಸುಕು · 11 ಸೆಪ್ಟೆಂಬರ್ 2024

ಮಗುವಿನ ಕೈಲಿ ಭಾಷಾಂತರ ಮಾಡಿಸಲೇಬೇಡಿ. ಅಮ್ಮನ ಗರ್ಭದ ವಿಷಯ, ಅಪ್ಪ ಕಂಡ ಹಿಂಸೆಯ ವಿಷಯ ಮಗುವಿನ ಬಾಯಿಂದ ಹೊರಡಿಸುವುದು ತಪ್ಪು. ಮಗುವಿನೆದುರು ಅವರು ಸತ್ಯ ಹೇಳುವುದೂ ಇಲ್ಲ. ಆಸ್ಪತ್ರೆ, ಶಾಲೆ, ಸೋಷಿಯಲ್ ಸೆಕ್ಯುರಿಟಿ ಕಚೇರಿ, ಎಲ್ಲೆಡೆ ದುಭಾಷಿಯನ್ನು ಅವರೇ ಉಚಿತವಾಗಿ ಒದಗಿಸಬೇಕು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ, ಕೇಳಿದ್ದನ್ನು ಕೇಸ್ ನೋಟಿನಲ್ಲಿ ಬರೆದಿಡಿ.

ಸ್ವಾಹಿಲಿ ಅಂತ ಇದ್ದರೂ ಮನೆಮಾತು ಕಿಬೆಂಬೆ, ಕಿನ್ಯರ್ವಾಂಡ, ಕಿನ್ಯಮುಲೆಂಗೆ, ಬೇರೆ ಏನಾದರೂ ಇರಬಹುದು. ಗಂಡಸರು ಸ್ವಾಹಿಲಿಯಲ್ಲಿ ಸಲೀಸಾಗಿದ್ದು ಹೆಂಗಸರು ಮನೆಮಾತಿನಲ್ಲೇ ಉಳಿದಿರುವುದುಂಟು. ಪೂರ್ವ ಕಾಂಗೋದ ಜಗಳಗಳಲ್ಲಿ ಭಾಷೆ ಎಂದರೆ ಯಾವ ಕಡೆಯವರು ಎಂಬ ಗುರುತೂ ಹೌದು. ಆದ್ದರಿಂದ ನೀವು ಊಹಿಸಬೇಡಿ, ದುಭಾಷಿಯ ಮುಂದೆಯೇ ಕೇಳಲೂಬೇಡಿ. ಫೋನ್ ಮೂಲಕ ಬೇರೆ ಊರಿನ ದುಭಾಷಿಯನ್ನು ಹಿಡಿದು ಗಂಡ ಹೆಂಡತಿ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ: ಯಾವ ಭಾಷೆ ನಿಮಗೆ ಸಲೀಸು, ಈ ಊರಿನ ಈ ದುಭಾಷಿ ಆಗಬಹುದೇ. ಬೇಡ ಎಂದರೆ ಕಾರಣ ಕೇಳದೆ ಬದಲಾಯಿಸಿ.

ಮರುದಿನದ ಮನೆ ಭೇಟಿಯಲ್ಲಿ ನೀವು ತೋರಿಸುವುದಲ್ಲ, ಅವರ ಕೈಲಿ ಮಾಡಿಸುವುದು. ಒಲೆ ಹಚ್ಚಿ ಆರಿಸಲಿ, ಬಾಗಿಲು ಹೊರಗಿನಿಂದ ಬೀಗ ಹಾಕಿ ತೆಗೆಯಲಿ, ಥರ್ಮೋಸ್ಟಾಟ್ ತಿರುಗಿಸಲಿ. 911 ಒತ್ತುವುದನ್ನು ಬರೀ ತೋರಿಸಿ, ಕರೆ ಮಾಡಿಸಬೇಡಿ. ಆಮೇಲೆ ಮಾತ್ರೆಗಳು. ಯಾರಿಗಾದರೂ ಬಿಪಿ, ಸಕ್ಕರೆ, ಫಿಟ್ಸ್ ಇದ್ದರೆ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ಅವರ ಮುಂದೆ ಎಣಿಸಿ. ಹನ್ನೆರಡು ದಿನಕ್ಕಿದ್ದು, ವೈದ್ಯರ ಭೇಟಿ ಇಪ್ಪತ್ತೈದನೇ ದಿನಕ್ಕೆ ಎಂದಿದ್ದರೆ ಆ ಭೇಟಿಯನ್ನು ಅಂದೇ ಮುಂಚಿನ ದಿನಕ್ಕೆ ಬದಲಾಯಿಸಿಕೊಳ್ಳಿ. 30 ದಿನದ ಗಡುವು ಇದೆಯೆಂದು ನೆಮ್ಮದಿಯಾಗಿ ಕೂತರೆ ಆಗುವ ಅನಾಹುತ ಇದೇ. ತಪಾಸಣೆಯಲ್ಲಿ ಆರು ತಿಂಗಳಿನಿಂದ 16 ವರ್ಷದೊಳಗಿನ ಮಕ್ಕಳಿಗೆಲ್ಲ ಸೀಸದ ರಕ್ತಪರೀಕ್ಷೆ ಆಗಬೇಕು, ಮೂರು ವರ್ಷದ್ದಕ್ಕೆ 3ರಿಂದ 6 ತಿಂಗಳಲ್ಲಿ ಮತ್ತೊಮ್ಮೆ. ಆ ಎರಡನೆಯದನ್ನು ಕ್ಲಿನಿಕ್ ನೆನಪಿಸುತ್ತದೆಂದು ಕಾಯಬೇಡಿ.

ದೊಡ್ಡ ಮಗುವನ್ನು ಓದು ಹಿಂದಿದೆ ಎಂದು ಕೆಳಗಿನ ತರಗತಿಗೆ ಹಾಕಲು ಬಿಡಬೇಡಿ. ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ಇಂಗ್ಲಿಷ್ ಕಲಿಯುವವರ ಸೌಲಭ್ಯ.

ಬೆಳವಲದ ಗಾಳಿ · 18 ಆಗಸ್ಟ್ 2025

ಈ ಹಳೆಯ ಚರ್ಚೆಯನ್ನು ಈಗಲೂ ಓದುತ್ತಿರುವವರಿಗಾಗಿ: ಮೇಲಿನದರಲ್ಲಿ ಹಲವು ಬದಲಾಗಿವೆ. 2025ರ ಜನವರಿ 20ರ ಆದೇಶದಿಂದ ನಿರಾಶ್ರಿತರ ಪ್ರವೇಶ ಹೆಚ್ಚುಕಡಿಮೆ ನಿಂತಿತು. ಅದೇ ತಿಂಗಳು 24ರಂದು ಸಂಸ್ಥೆಗಳಿಗೆ ಕೆಲಸ ನಿಲ್ಲಿಸಿ ಎಂಬ ಪತ್ರ ಬಂತು, ಮೊದಲ 90 ದಿನದೊಳಗಿದ್ದ ಕುಟುಂಬಗಳ ಬಾಡಿಗೆಯೂ ನಡುವೆ ಸಿಕ್ಕಿಕೊಂಡಿತು. ಮೇ 5ರಿಂದ ಹೊಸದಾಗಿ ಅರ್ಹರಾದವರಿಗೆ ನಿರಾಶ್ರಿತರ ನಗದು ಸಹಾಯ 12 ತಿಂಗಳ ಬದಲು 4 ತಿಂಗಳು. ಜುಲೈ 4ರ ಕಾಯ್ದೆಯಲ್ಲಿ ಫುಡ್ ಸ್ಟಾಂಪಿನ ಅರ್ಹರ ಪಟ್ಟಿಯಿಂದ ನಿರಾಶ್ರಿತರನ್ನು ತೆಗೆದಿದ್ದಾರೆ, ಗ್ರೀನ್ ಕಾರ್ಡ್ ಇರುವವರು ಪಟ್ಟಿಯಲ್ಲಿದ್ದಾರೆ. 2026ರ ಅಕ್ಟೋಬರ್ 1ರಿಂದ ಮೆಡಿಕೇಡಿಗೂ ಹೀಗೆಯೇ.

ಹಾಗಾಗಿ ಒಂದು ವರ್ಷ ತುಂಬುತ್ತಿರುವ, ಅಂದರೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ಹೊತ್ತಾಗಿರುವ, ಕುಟುಂಬಗಳ ಪಟ್ಟಿಯನ್ನು ಈ ವಾರವೇ ತೆಗೆಯಿರಿ. ತುಂಗೆದಂಡೆ ಅವರ ಕುಟುಂಬ ಹೇಳಿದ ಸಮಯಕ್ಕೆ ಬಂದಿದ್ದರೆ ಅವರ ವರ್ಷ ಮುಂದಿನ ತಿಂಗಳು ತುಂಬುತ್ತದೆ. ಗ್ರೀನ್ ಕಾರ್ಡಿನ ಅರ್ಜಿಯಾದ ಐ-485ಕ್ಕೆ ನಿರಾಶ್ರಿತರಿಗೆ ಶುಲ್ಕವಿಲ್ಲ. ಬಂದಾಗ ಕ್ಲಾಸ್ ಎ (ಪ್ರವೇಶಕ್ಕೇ ಅಡ್ಡಿಯಾಗುವಂಥ) ಆರೋಗ್ಯ ಸಮಸ್ಯೆ ಇಲ್ಲದಿದ್ದವರಿಗೆ ವೈದ್ಯಕೀಯ ಫಾರಂನಲ್ಲಿ ಲಸಿಕೆಯ ಭಾಗ ಸಾಕು, ಕೆಲವು ಕಡೆ ಆರೋಗ್ಯ ಇಲಾಖೆಯೇ ತುಂಬಿಕೊಡುತ್ತದೆ. ಆರು ಜನಕ್ಕೆ ಆರು ಅರ್ಜಿ, ಪ್ರತಿಯೊಂದರಲ್ಲೂ ಐ-94ರ ಕಾಗುಣಿತ. ಅಷ್ಟರಲ್ಲಿ ಮನೆ ಬದಲಾಗಿದ್ದರೆ ಮೊದಲು ಎಆರ್-11, ಜೊತೆಗೆ ಹೊಸ ಮೇಲ್‌ಬಾಕ್ಸ್ ಮೇಲೆ ಆರೂ ಹೆಸರು.