ಸಹಾಯ ಬೇಕು: ಮೇಲ್ಸೇತುವೆ ಕಂಡರೆ ಲಾರಿ ತಾನೇ ಬ್ರೇಕ್ ಹಾಕುತ್ತಿದೆ

ಹೋದ ತಿಂಗಳು ನಮ್ಮ ಲಾರಿಯ ಮುಂದಿನ ಬಂಪರ್ ಬದಲಾಯಿಸಿದೆವು. ಅಂದಿನಿಂದ ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ಮೇಲ್ಸೇತುವೆಯೋ ಕಬ್ಬಿಣದ ಫಲಕದ ಕಮಾನೋ ಎದುರಾದರೆ ಸಾಕು, ರಸ್ತೆ ಖಾಲಿಯಿದ್ದರೂ ಕೂಗಿಕೊಂಡು ಬ್ರೇಕ್ ಹಿಡಿಯುತ್ತದೆ. ನಿನ್ನೆ ಹಿಂದಿದ್ದ ಬಸ್ ಕೂದಲೆಳೆಯಲ್ಲಿ ತಪ್ಪಿತು. ಚಾಲಕನ ಕೈ ಅರ್ಧ ಗಂಟೆ ನಡುಗುತ್ತಲೇ ಇತ್ತು.

ಮುಂದಿನ ಅಡ್ಡಿ ಗುರುತಿಸಿ ತಾನೇ ಬ್ರೇಕ್ ಹಾಕಿಸುವ, ಬಂಪರ್ ಬಳಿಯ ರೇಡಾರ್ ಮೇಲಿನ ಕೆಸರು ಒರೆಸಿದೆ. ಕನೆಕ್ಟರ್ ಬಿಚ್ಚಿ ನೋಡಿದೆ, ನೀರು ಹೋಗಿಲ್ಲ. ದೋಷ ಓದುವ ಸ್ಕ್ಯಾನರ್‌ನಲ್ಲಿ ರೇಡಾರ್ ಜೋಡಣೆ ದೋಷದ ಕೋಡ್ ಅಳಿಸಿದರೆ 40 ಕಿಲೋಮೀಟರಿನೊಳಗೆ ಮತ್ತೆ ಹಾಜರು. ರಸಮಟ್ಟ ಹಿಡಿದಾಗ ರೇಡಾರ್ ಮುಖ ತುಸು ಮೇಲಕ್ಕೆ ಓರೆಯಾಗಿರುವುದು ಕಂಡಿತು. ರಸ್ತೆಯಲ್ಲಿ ಓಡಿಸಿದರೆ ತಾನೇ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ರೇಡಾರ್ ಕೆಲಸ ಮಾಡದಂತೆ ಫ್ಯೂಸ್ ಕಿತ್ತು ಓಡಿಸಲು ನನಗೆ ಖಂಡಿತ ಮನಸ್ಸಿಲ್ಲ.

ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಮೇಲ್ಮುಖದ ಓರೆ ಬರೀ ಓಡಿಸಿದರೆ ಸರಿಹೋಗುತ್ತದೆಯೇ, ಅಥವಾ ರೇಡಾರ್ ಹಿಡಿದಿರುವ ಬ್ರಾಕೆಟ್‌ನ ಸ್ಕ್ರೂ ತಿರುಗಿಸಿ ಮೊದಲು ಮಟ್ಟ ಮಾಡಲೇಬೇಕೇ?