ಟೆಕ್ಸಾಸ್‌ಗೆ ಬಂದ ಮೇಲೂ ಕ್ಯಾಲಿಫೋರ್ನಿಯಾ ಟ್ಯಾಕ್ಸ್ ಹಿಡಿದಿದ್ದಾರೆ, ವಾಪಸ್ ಪಡೆಯೋದು ಹೇಗೆ?

ಪ್ರಶ್ನೆ:
2024ರ ಜೂನ್ 30ಕ್ಕೆ ಸ್ಯಾನ್ ಹೋಸೆ ಬಿಟ್ಟು ಆಸ್ಟಿನ್‌ಗೆ ಬಂದಿದ್ದೇವೆ. ಕಂಪನಿ ಅದೇ, ಕೆಲಸ ಪೂರ್ತಿ ಮನೆಯಿಂದ. ಪೇರೋಲ್‌ನಲ್ಲಿ ವಿಳಾಸ ಬದಲಾಗದೆ ಡಿಸೆಂಬರ್‌ವರೆಗೂ ಕ್ಯಾಲಿಫೋರ್ನಿಯಾ ಟ್ಯಾಕ್ಸ್ ಕಟ್ ಆಗಿದೆ. ಕಂಪನಿ ಕೊಡುವ ವರ್ಷದ ಸಂಬಳ-ಟ್ಯಾಕ್ಸ್ ಪತ್ರ ಡಬ್ಲ್ಯೂ-2ರ 16ನೇ ಬಾಕ್ಸ್‌ನಲ್ಲಿ (ರಾಜ್ಯದ ಲೆಕ್ಕಕ್ಕೆ ಬರುವ ಸಂಬಳ) ಇಡೀ ವರ್ಷದ ಆದಾಯ ಬಂದಿದೆ, ಅದರಂತೆಯೇ ಫಾರ್ಮ್ 540 (ಕ್ಯಾಲಿಫೋರ್ನಿಯಾ ನಿವಾಸಿಗಳ ರಿಟರ್ನ್) ಫೈಲ್ ಆಗಿದೆ. ಆಗಸ್ಟ್‌ನಲ್ಲಿ ಆರ್‌ಎಸ್‌ಯು (ಕಂಪನಿ ಕೊಡುವ ಷೇರು) ವೆಸ್ಟ್ ಆಗಿತ್ತು, ಅಂದರೆ ಷೇರು ನಮ್ಮ ಕೈಗೆ ಬಂದಿತ್ತು. ಈಗ ಸರಿಪಡಿಸಬಹುದಾ?

ಉತ್ತರ 1:
ಆಗುತ್ತೆ. ಗಡುವಿನೊಳಗೆ ಫೈಲ್ ಮಾಡಿದ್ದರೆ ರೀಫಂಡ್ ಕೇಳಲು ಏಪ್ರಿಲ್ 15, 2029ರವರೆಗೆ ಸಮಯವಿದೆ.

ಮೊದಲು ಪೇರೋಲ್‌ನವರಿಂದ ಡಬ್ಲ್ಯೂ-2ಸಿ (ತಿದ್ದಿದ ಡಬ್ಲ್ಯೂ-2) ಕೇಳಿ. ತಿದ್ದಬೇಕಾದ್ದು 16ನೇ ಬಾಕ್ಸ್ ಮಾತ್ರ. 17ನೇ ಬಾಕ್ಸ್‌ನಲ್ಲಿರುವ ಟ್ಯಾಕ್ಸ್ ಆಗಲೇ ರಾಜ್ಯಕ್ಕೆ ಹೋಗಿದೆ, ಅದು ಹಾಗೇ ಇರಲಿ. ವರ್ಷ ಮುಗಿದ ಮೇಲೆ ಆ ದುಡ್ಡು ರಿಟರ್ನ್ ಮೂಲಕವೇ ಬರಬೇಕು, ಕಂಪನಿ ಕೊಡಲಾಗದು.

ಆಮೇಲೆ 540 ಬದಲು 540ಎನ್‌ಆರ್ (ವರ್ಷದ ಸ್ವಲ್ಪ ಭಾಗ ಮಾತ್ರ ಅಲ್ಲಿದ್ದವರ ರಿಟರ್ನ್) ತುಂಬಿ, ಮೇಲ್ಗಡೆ ಅಮೆಂಡೆಡ್ ಅಂತ ಟಿಕ್ ಮಾಡಿ, ತಿದ್ದುಪಡಿಯ ಕಾರಣ ಬರೆಯುವ ಶೆಡ್ಯೂಲ್ ಎಕ್ಸ್ ಲಗತ್ತಿಸಿ. ಅದರ ಜೊತೆ ಹೋಗುವ ಶೆಡ್ಯೂಲ್ ಸಿಎಯ ಮೊದಲ ಭಾಗದಲ್ಲಿ ಊರು ಬಿಟ್ಟ ತಾರೀಕು, ಇ ಕಾಲಂನಲ್ಲಿ ಕ್ಯಾಲಿಫೋರ್ನಿಯಾದ ಪಾಲು. ಎಡವೋದು ಇಲ್ಲೇ: ಜುಲೈನಲ್ಲಿ ಕೈಗೆ ಬಂದ ಮೊದಲ ಪೇಸ್ಲಿಪ್‌ನಲ್ಲಿ ಜೂನ್ ಕೆಲಸದ ದುಡ್ಡಿದ್ದರೆ ಅದೂ ಕ್ಯಾಲಿಫೋರ್ನಿಯಾದ್ದೇ. ಸಂಬಳ ಬಂದ ದಿನವಲ್ಲ, ಕೆಲಸ ಮಾಡಿದ ದಿನ ನೋಡಿ.

ಇನ್ನೊಂದು, ಆದಾಯ ಅರ್ಧವಾದರೂ ಟ್ಯಾಕ್ಸ್ ದರ ಇಳಿಯೋದಿಲ್ಲ. ಇಡೀ ವರ್ಷದ ಆದಾಯಕ್ಕೆ ಬರುವ ದರವನ್ನೇ ಕ್ಯಾಲಿಫೋರ್ನಿಯಾದ ಪಾಲಿಗೆ ಹಾಕುತ್ತಾರೆ. ಆ ಲೆಕ್ಕದಲ್ಲೇ ರೀಫಂಡ್ ನಿರೀಕ್ಷಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಆರ್‌ಎಸ್‌ಯು ವೆಸ್ಟ್ ಆದಾಗ ಟೆಕ್ಸಾಸ್‌ನಲ್ಲಿದ್ದೆವು, ಅದನ್ನು ಪೂರ್ತಿ ಬಿಡಬಹುದಲ್ಲವಾ? ಡಬ್ಲ್ಯೂ-2ಸಿ ಕೊಡದಿದ್ದರೆ?

ಉತ್ತರ 2:
ಬಿಡಬೇಡಿ, ನೋಟಿಸ್ ಬರೋದೇ ಅದಕ್ಕೆ. ಗ್ರಾಂಟ್‌ನಿಂದ (ಷೇರು ಕೊಡುತ್ತೇವೆ ಅಂತ ಕಂಪನಿ ಬರೆದುಕೊಟ್ಟ ದಿನ) ವೆಸ್ಟ್‌ವರೆಗಿನ ಕೆಲಸದ ದಿನಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದುಡಿದದ್ದೆಷ್ಟು ಅಂತ ಲೆಕ್ಕ ಹಾಕಿ. 500ರಲ್ಲಿ 400 ದಿನ ಅಲ್ಲಿದ್ದರೆ ಆ ವೆಸ್ಟ್‌ನ ಶೇ. 80 ಅವರದ್ದು. ಒಂದೊಂದು ಗ್ರಾಂಟ್‌ಗೂ ಬೇರೆ ಬೇರೆ ಲೆಕ್ಕ.

ಕಂಪನಿ ತಿದ್ದದಿದ್ದರೆ ಡಬ್ಲ್ಯೂ-2 ಬದಲಿಗೆ ಕೊಡುವ 3525 ಫಾರ್ಮ್ ಇದೆ, ಎಫ್‌ಟಿಬಿಯದ್ದು (ಕ್ಯಾಲಿಫೋರ್ನಿಯಾದ ಟ್ಯಾಕ್ಸ್ ಇಲಾಖೆ). ಜೊತೆಗೆ ಪೇಸ್ಲಿಪ್‌ಗಳು, ಬಾಡಿಗೆ ಕರಾರು, ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸ್, ಸಾಮಾನು ಸಾಗಿಸಿದ ರಸೀದಿ ಇಟ್ಟುಕೊಳ್ಳಿ. ಎಚ್-1ಬಿ ವೀಸಾ ಆದರೆ ಆಸ್ಟಿನ್ ವಿಳಾಸವಿರುವ ಎಲ್‌ಸಿಎ (ಕೆಲಸದ ಜಾಗ ತೋರಿಸಿ ಕಂಪನಿ ಸಲ್ಲಿಸುವ ಅರ್ಜಿ) ಗಟ್ಟಿ ದಾಖಲೆ. ಹೊಸ ಜಾಗಕ್ಕೆ ವೀಸಾ ಅರ್ಜಿಯ ಅಮೆಂಡ್‌ಮೆಂಟ್ ಆಗಿದೆಯಾ ಅಂತ ವಕೀಲರನ್ನು ದಯವಿಟ್ಟು ಕೇಳಿ, ಟ್ಯಾಕ್ಸ್‌ಗಿಂತ ಅದು ದೊಡ್ಡ ವಿಷಯ.

ಟ್ಯಾಕ್ಸ್ ಬಾಕಿ ಇದೆ ಅಂತ ಪ್ರೊಪೋಸ್ಡ್ ಅಸೆಸ್‌ಮೆಂಟ್ ನೋಟಿಸ್ ಬಂದರೆ 60 ದಿನದೊಳಗೆ ಪ್ರೊಟೆಸ್ಟ್ (ಲಿಖಿತ ಆಕ್ಷೇಪ) ಹಾಕಲೇಬೇಕು.

ಉತ್ತರ 3:
14ನೇ ಬಾಕ್ಸ್‌ನ ಎಸ್‌ಡಿಐ (ಕ್ಯಾಲಿಫೋರ್ನಿಯಾದ ಅಂಗವೈಕಲ್ಯ ವಿಮೆಗೆ ಸಂಬಳದಿಂದ ಹಿಡಿಯುವ ಹಣ) ಮರೀಬೇಡಿ. 2024ರಲ್ಲಿ ಅದು ಶೇ. 1.1, ಮೇಲ್ಮಿತಿ ಇಲ್ಲ. ಟೆಕ್ಸಾಸ್‌ನ 90,000 ಡಾಲರ್ ಸಂಬಳಕ್ಕೆ ಹಿಡಿದಿದ್ದರೆ 990 ಡಾಲರ್ ಆಯ್ತು. ಕಂಪನಿ ಒಂದೇ ಆದ್ದರಿಂದ ಇದು ರಿಟರ್ನ್‌ನಲ್ಲಿ ಸಿಗದು, ಕಂಪನಿಯನ್ನೇ ಕೇಳಬೇಕು. ಅವರು ಇಡಿಡಿಗೆ (ಪೇರೋಲ್ ಟ್ಯಾಕ್ಸ್ ನೋಡಿಕೊಳ್ಳುವ ರಾಜ್ಯದ ಇಲಾಖೆ) ತಿದ್ದುಪಡಿ ಸಲ್ಲಿಸುತ್ತಾರೆ.

ಕಂಪನಿ ನ್ಯೂಯಾರ್ಕ್‌ನದ್ದಾಗಿರುವವರು ಈ ಥ್ರೆಡ್ ನೋಡಿ ಫೈಲ್ ಮಾಡಬೇಡಿ. ನಿಮ್ಮ ಅನುಕೂಲಕ್ಕೆ ಬೇರೆ ರಾಜ್ಯದ ಮನೆಯಿಂದ ದುಡಿದರೆ ಆ ದಿನಗಳನ್ನೂ ನ್ಯೂಯಾರ್ಕ್ ತನ್ನದೇ ಅಂತ ಎಣಿಸುತ್ತೆ.